ಸೇಪಣ್ಣನ ಎಡೆ

"ನಿಮ್ಮಪ್ಪನ ಮೀನ್ ಸಾರಿಗೆ ಯಾವ ಉಳಿ ಆಕ್ಲಿ ಕಣಮ್ಮಿ? ನಮ್ಮ ಉಣ್ಸೆಹಣ್ಣೋ, ಇಲ್ಲ ನಿಮ್ಮೋರು ಆಕೋ ಆ ಕರೀ ಉಳಿಯೋ?"

ಒಲೆಯ ಮುಂದೆ ಕುಳಿತಿದ್ದ ದೊಡ್ಡಮಾದಮ್ಮ ತಿರುಗಿಯೂ ನೋಡದೆ ಕೇಳಿದಳು. ಬಾಗಿಲ ಬಳಿ ಮರಗೆಣಸಿನ ಸಿಪ್ಪೆ ಸುಲಿಯುತ್ತಿದ್ದ ಸಿಂಧು ಚಾಕು ಕೆಳಗಿಟ್ಟಳು. ಸತ್ತು ಆರು ತಿಂಗಳಾದ ಅಪ್ಪನಿಗೆ ಅಡುಗೆ ಏನು ಮಾಡಲಿ ಎಂದು ಕೇಳಿದರೆ, ಮಕ್ಕಳಿಗೆ ಪಾಠ ಹೇಳಿ ಬಾಯಿ ಪಳಗಿದವರೂ ತಡವರಿಸುತ್ತಾರೆ.

"ಕರೀ ಹುಳಿ, ಚಿಕ್ಕವ್ವ. ಆದ್ರೆ ಅದು ಇಲ್ಲಿ ಸಿಗಲ್ವಲ್ಲ."

"ಸಿಗದೆ ಏನು? ಬತ್ತೇರಿ ಬಸ್ಸಿನ ಕಂಡಕ್ಟ್ರು ಕೈಲಿ ತರ್ಸಿವ್ನಿ ಬುಡು. ಬದುಕಿದ್ದಾಗ ಒಂದಿನಾನೂ ನಮ್ಮ ಎಡೆ ಮುಟ್ನಿಲ್ಲ ನಿಮ್ಮಪ್ಪ. ಈಗ್ಲಾದ್ರೂ ಬಾಯ್ಗೆ ರುಚಿಯಾಗಿರ್ಲಿ."

ಭೀಮನಬೀಡಿನಲ್ಲಿ ಅಂದು ಪಿತೃಪಕ್ಷದ ಅಮಾವಾಸ್ಯೆ. ಸತ್ತವರು ಬದುಕಿದ್ದಾಗ ಏನನ್ನು ಇಷ್ಟಪಡುತ್ತಿದ್ದರೋ ಅದನ್ನೆಲ್ಲ ಬಾಳೆ ಎಲೆಯ ಮೇಲೆ ಬಡಿಸಿಟ್ಟು, ಧೂಪ ಹಾಕಿ, ಬಾಗಿಲು ಎಳೆದುಕೊಂಡು ಮನೆಯವರೆಲ್ಲ ಹೊರಗೆ ಬಂದು ಕೂರುವುದು ಊರಿನ ಪದ್ಧತಿ. ಒಬ್ಬರಿಗೆ ಬೀಡಿ, ಇನ್ನೊಬ್ಬರಿಗೆ ಕಡ್ಡಿಪುಡಿ, ಮತ್ತೊಬ್ಬರಿಗೆ ಕ್ವಾರ್ಟರ್ ಬ್ರಾಂದಿ. ಸತ್ತವರ ಚಟವನ್ನು ಅಂದು ಯಾರೂ ಪ್ರಶ್ನಿಸುವುದಿಲ್ಲ. ಕುಡಿದು ಬಂದ ಗಂಡನನ್ನು ಜೀವಮಾನವೆಲ್ಲ ಬೈದ ಹೆಂಡತಿಯೇ ಸೀಸೆಯ ಮುಚ್ಚಳ ತಿರುಗಿಸಿಡುತ್ತಾಳೆ. ದೊಡ್ಡಮಾದಮ್ಮ ಮತ್ತು ಅವಳ ಗಂಡ ಪುಟ್ಟಮಾದು ಈ ಸಲ ತಮ್ಮ ಹಿರಿಯರ ಸಾಲಿನಲ್ಲಿ ಒಂದು ಎಲೆ ಹೆಚ್ಚಿಗೆ ಹಾಕುವುದೆಂದು ತೀರ್ಮಾನಿಸಿ, ಚಾಮರಾಜನಗರಕ್ಕೆ ಫೋನು ಮಾಡಿ ಸಿಂಧುವನ್ನು ಕರೆಸಿಕೊಂಡಿದ್ದರು. ಅವಳು ಅಲ್ಲಿನ ಹೈಸ್ಕೂಲಿನಲ್ಲಿ ಕನ್ನಡ ಟೀಚರು. ಅಪ್ಪ ಇರುವತನಕ ಊರಿನಿಂದಲೇ ಬಸ್ಸಿನಲ್ಲಿ ಓಡಾಡುತ್ತಿದ್ದವಳು ಈಗ ಅಲ್ಲೇ ಇದ್ದಳು.

ಅವಳ ಅಪ್ಪ ಔಸೇಪ್ ಮೂವತ್ತೈದು ವರ್ಷಗಳ ಹಿಂದೆ ವಯನಾಡಿನ ಪುಲ್ಪಳ್ಳಿಯಿಂದ ಶುಂಠಿ ಬೆಳೆಯಲು ಬಂದವನು. ಒಂದು ಟ್ರಂಕು, ಬಿತ್ತನೆ ಶುಂಠಿಯ ಹತ್ತು ಮೂಟೆ, ಗೋಡೆಗೆ ತೂಗುಹಾಕುವ ಒಂದು ಶಿಲುಬೆ, ಇಷ್ಟೇ ಅವನ ಆಸ್ತಿ. ಶುಂಠಿ ತೆಗೆದ ಹೊಲಕ್ಕೆ ಮತ್ತೆ ಶುಂಠಿ ಹಾಕುವ ಹಾಗಿಲ್ಲ, ಕೊಳೆರೋಗ ಬರುತ್ತದೆ. ಹಾಗಾಗಿ ವರ್ಷಕ್ಕೊಂದು ಹೊಲ, ವರ್ಷಕ್ಕೊಂದು ಜೋಪಡಿ. ಗೋಪಾಲಸ್ವಾಮಿ ಬೆಟ್ಟ ಒಮ್ಮೆ ಎಡಕ್ಕೆ ಕಂಡರೆ ಮುಂದಿನ ವರ್ಷ ಬಲಕ್ಕೆ ಕಾಣುತ್ತಿತ್ತು. ಸಿಂಧು ಹುಟ್ಟಿದ ಮೇಲೆ ಭೀಮನಬೀಡಿನ ಅಂಚಿನಲ್ಲಿ ಎರಡು ಅಂಕಣದ ಮನೆ ಕಟ್ಟಿಸಿ ಬೇರು ಬಿಟ್ಟ. ಮೊದಲ ವರ್ಷ ಶುಂಠಿಗೆ ಮಣ್ಣು ಏರಿಸಿ ಮಡಿ ಹೊಡೆದವನು ಪುಟ್ಟಮಾದು. ಕೊನೆಯ ವರ್ಷದ ಮಡಿ ಹೊಡೆದವನೂ ಅವನೇ. ಔಸೇಪ್ ಎಂಬ ಹೆಸರು ಊರಿನ ಬಾಯಲ್ಲಿ ಸವೆದು ಸೇಪಣ್ಣ ಆಗಿತ್ತು.

ಊರಿಗೆ ಹೊಂದಿಕೊಂಡರೂ ಔಸೇಪ್ ತನ್ನ ದೇವರ ವಿಷಯದಲ್ಲಿ ಒಂದು ಕೂದಲೆಳೆಯಷ್ಟೂ ಸರಿಯಲಿಲ್ಲ. ಎಡೆಗೆ ಇಟ್ಟದ್ದನ್ನು ತಿನ್ನುತ್ತಿರಲಿಲ್ಲ. ಅದು ಗೊತ್ತಿದ್ದ ದೊಡ್ಡಮಾದಮ್ಮ ಪ್ರತಿ ವರ್ಷ ಎಡೆ ಬಡಿಸುವ ಮೊದಲೇ ಒಂದು ಡಬ್ಬಿಯಲ್ಲಿ ಅವನ ಪಾಲು ತೆಗೆದಿಡುತ್ತಿದ್ದಳು. ಬೆಳಗ್ಗೆ ಐದಕ್ಕೆ ಅವನ ಮನೆಯಿಂದ ಜಪದ ಸದ್ದು ಬರದಿದ್ದರೆ ಅಕ್ಕಪಕ್ಕದವರು ಮೈ ಸರಿಯಿಲ್ಲವೇನೋ ಎಂದು ವಿಚಾರಿಸಿಕೊಂಡು ಬರುತ್ತಿದ್ದರು. ಅಂಥ ಮನುಷ್ಯನಿಗೆ ಹೋದ ಕಾರ್ತಿಕದಲ್ಲಿ ಅನ್ನನಾಳದ ಕ್ಯಾನ್ಸರ್ ಎಂದು ತಿಳಿಯಿತು. ತಿಳಿಯುವ ಹೊತ್ತಿಗೆ ಮಾಡುವಂಥದ್ದು ಏನೂ ಉಳಿದಿರಲಿಲ್ಲ. ಗಡಿಯಾಚೆಯ ಬತ್ತೇರಿಯ ಆಸ್ಪತ್ರೆಯವರು ನೋವಿಗೆಂದು ಬಿಳಿ ಮಾತ್ರೆ ಕೊಟ್ಟು ಕಳಿಸಿದರು. ಅದನ್ನು ನುಂಗಿದಷ್ಟು ದಿನ ಅವನು ಎರಡು ತುತ್ತು ಗಂಜಿ ಕುಡಿದು, ನಾಲ್ಕು ಗಂಟೆ ನಿದ್ದೆಯನ್ನಾದರೂ ಮಾಡಿದ.

ಈಸ್ಟರಿಗೆ ಮುಂಚಿನ ಐವತ್ತು ದಿನದ ವ್ರತ, ಅವರ ನೋಂಬು, ಶುರುವಾದ ಸೋಮವಾರ ಔಸೇಪ್ ಆ ಮಾತ್ರೆ ಬೇಡ ಅಂದ. ಶಿಲುಬೆಗೇರಿಸುವ ಮುಂಚೆ ಕರ್ತನಿಗೆ ನೋವು ಮರೆಸಲು ಕಹಿ ಬೆರೆಸಿದ ದ್ರಾಕ್ಷಾರಸ ಕೊಟ್ಟರು. ನಾಲಿಗೆಗೆ ತಾಗಿಸಿ ಬೇಡವೆಂದನಲ್ಲ ಅವನು, ನಾನು ಯಾವ ದೊಡ್ಡ ಮನುಷ್ಯನೆಂದು ಮಾತ್ರೆ ನುಂಗಲಿ ಎಂದು ಕೇಳಿದ. ಈಸ್ಟರಿನ ತನಕ ಒಂದು ಮಾತ್ರೆಯನ್ನೂ ಮುಟ್ಟುವುದಿಲ್ಲವೆಂದು ಶಿಲುಬೆಯ ಮುಂದೆ ಹರಕೆ ಹೊತ್ತ. ಮಿಕ್ಕ ಮಾತ್ರೆ ಎಲ್ಲಿ ಎಂದು ಸಿಂಧು ಕೇಳಿದ್ದಕ್ಕೆ, "ಕೊಟ್ಟುಬಿಟ್ಟೆ ಮೋಳೆ" ಎಂದ, ಮಲಯಾಳದಲ್ಲಿ ಮಗಳನ್ನು ಕರೆಯುವ ಹಾಗೆ. ಆಸ್ಪತ್ರೆಗೇ ವಾಪಸು ಕಳಿಸಿರಬೇಕೆಂದು ಅವಳು ತಿಳಿದಳು.

ನಲವತ್ತೊಂದನೆಯ ದಿನ, ಈಸ್ಟರಿಗೆ ಒಂದು ವಾರ ಮೊದಲಿನ ಗರಿಗಳ ಭಾನುವಾರಕ್ಕೆ ಒಂದು ದಿನ ಇರುವಾಗ, ಔಸೇಪ್ ಸತ್ತ. ಒಂದು ಮಾತ್ರೆಯೂ ಇಲ್ಲದೆ ಸತ್ತ. ಈಗ ಗುಂಡ್ಲುಪೇಟೆಯ ಪುಟ್ಟ ಚರ್ಚಿಗೆ ಇಪ್ಪತ್ತೈದು ವರ್ಷ ತುಂಬುತ್ತಿದೆ, ನೆನಪಿನ ಸಂಚಿಕೆಯೊಂದು ಬರುತ್ತದೆ, ಅದರಲ್ಲಿ ಔಸೇಪನ ಕೊನೆಯ ದಿನಗಳ ಬಗ್ಗೆ ಮಗಳೇ ಒಂದು ಪುಟ ಬರೆದುಕೊಡಬೇಕೆಂದು ಪಾದ್ರಿಗಳು ಹೇಳಿದ್ದರು. 'ನಮ್ಮ ತಂದೆ ಕೊನೆಯ ಉಸಿರಿನವರೆಗೂ ಅಲುಗಾಡಲಿಲ್ಲ' ಎಂದು ಸಿಂಧು ಮೊದಲ ಸಾಲು ಬರೆದಿದ್ದಳು. ಎರಡನೆಯ ಸಾಲು ಹತ್ತು ದಿನವಾದರೂ ಬಂದಿರಲಿಲ್ಲ. ಅವತ್ತು ತಾನು ಮಾಡಿದ್ದು ಸರಿಯೇ, ಹಟ ಹಿಡಿದಾದರೂ ಮಾತ್ರೆ ನುಂಗಿಸಬೇಕಿತ್ತೇ ಎಂಬ ಒಂದೇ ಪ್ರಶ್ನೆ ಅವಳನ್ನು ಹಿಂಡುತ್ತಿತ್ತು. ಅಪ್ಪನನ್ನು ಅವಳು ಕರೆಯುತ್ತಿದ್ದುದು ಅಪ್ಪಚ್ಚನ್ ಎಂದು. ಅಪ್ಪಚ್ಚನ್‌ಗೆ ಬೇಡವಾಗಿತ್ತು, ನಾನು ಅವರ ಮಾತು ನಡೆಸಿದೆ, ಅಷ್ಟೇ ಎಂದು ಹೇಳಿಕೊಂಡರೆ ಎರಡು ದಿನ ಸಮಾಧಾನ. ಮೂರನೆಯ ದಿನ ಮತ್ತೆ ಅದೇ. ಹಗಲೆಲ್ಲ ಅಪ್ಪನ ಪಕ್ಕದಲ್ಲಿ ಕೂತಿದ್ದವನು ಪುಟ್ಟಮಾದು. ಅವನ ಬಾಯಲ್ಲಿ ಒಂದು ಮಾತು ಕೇಳಿದರೆ ಸಾಕು ಎಂದುಕೊಂಡೇ ಅವಳು ಎಡೆಗೆ ಬಂದಿದ್ದಳು.

ದೀಪ ಹಚ್ಚುವ ಹೊತ್ತಿಗೆ ನಡುಮನೆಯಲ್ಲಿ ಐದು ಎಲೆ ಬಿದ್ದವು. ಪುಟ್ಟಮಾದುವಿನ ಅಪ್ಪನಿಗೆ, ಅವ್ವನಿಗೆ, ಚಿಕ್ಕಂದಿನಲ್ಲೇ ಹೋದ ತಮ್ಮನಿಗೆ, ದೊಡ್ಡಮಾದಮ್ಮನ ಅಣ್ಣನಿಗೆ ಮುದ್ದೆ, ಮಟನ್ ಸಾರು, ಕಜ್ಜಾಯ, ವಡೆ. ಐದನೆಯ ಎಲೆಗೆ ಬೇಯಿಸಿದ ಮರಗೆಣಸು, ಮೀನು ಸಾರು, ಲೋಟದಲ್ಲಿ ಹಾಲಿಲ್ಲದ ಟೀ. ಪಕ್ಕದಲ್ಲಿ ಮಡಿಕೆ ಬಿಚ್ಚದ ಬಿಳಿ ಪಂಚೆ. ಸೊಸೆ ಶಿವರಂಜನಿ ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿದಳು. ಅಪ್ಪಚ್ಚನ್ ನೋಡಿದ್ದರೆ ಸಿಡಿಮಿಡಿಗೊಂಡು ಎದ್ದುಹೋಗುತ್ತಿದ್ದರು ಎನ್ನಿಸಿ ಸಿಂಧುಗೆ ನಗು ಬಂತು.

ಆಗ ಪುಟ್ಟಮಾದು ಪಂಚೆಯ ಮಡಿಲಿನಿಂದ ಒಂದು ಬಟ್ಟೆಯ ಗಂಟು ತೆಗೆದ. ಬಿಚ್ಚುವುದಕ್ಕೆ ಬೆರಳು ಬಗ್ಗದೆ ಹಲ್ಲಿನಲ್ಲಿ ಕಚ್ಚಿ ಎಳೆದ. ಒಳಗಿದ್ದುದನ್ನು ಟೀ ಲೋಟದ ಪಕ್ಕಕ್ಕೆ, ಎಲೆಯ ಮೇಲೆ ಇಟ್ಟ. ಒಂದು ಮಾತ್ರೆ ಹಾಳೆ. ಹತ್ತರಲ್ಲಿ ಒಂದು ಗೂಡು ಮಾತ್ರ ಒಡೆದಿತ್ತು.

"ಅಯ್ಯೋ, ಅದ್ಯಾಕ ಇಟ್ಟೀಯ ಅಲ್ಲಿ? ತಗಿ ಅತ್ಲಾಗ," ಎಂದು ದೊಡ್ಡಮಾದಮ್ಮ ಗದರಿದಳು.

"ಇರ್ಲಿ ಕಣ. ಕೇಳಿದ್ದು ಅದೊಂದ್ನೇಯ."

ಸಿಂಧು ಆ ಹಾಳೆಯನ್ನು ಗುರುತು ಹಿಡಿದಳು. ಅದರ ಹಿಂಭಾಗದಲ್ಲಿ ನೀಲಿ ಶಾಯಿಯಲ್ಲಿ ನುಂಗುವ ಹೊತ್ತು ಬರೆದಿದ್ದವಳು ಅವಳೇ. ಎಲ್ಲರೂ ಕೈ ಮುಗಿದರು. ಅವಳ ಕೈ ಮೇಲೇಳಲಿಲ್ಲ. ದೊಡ್ಡಮಾದಮ್ಮ ಎಲ್ಲರನ್ನೂ ಹೊರಡಿಸಿ, ಬಾಗಿಲು ಎಳೆದುಕೊಂಡು ಚಿಲಕ ಸಿಕ್ಕಿಸಿದಳು. ಹಿರಿಯರು ಬಂದು ತಿನ್ನುವಾಗ ಮನುಷ್ಯರ ಕಣ್ಣು ಬೀಳಬಾರದು.

ಎಲ್ಲರೂ ಜಗಲಿಯ ಮೇಲೆ ಕೂತರು. ಪುಟ್ಟಮಾದು ಕಂಬಕ್ಕೆ ಒರಗಿ, ಮೊಣಕಾಲು ತಬ್ಬಿಕೊಂಡು ಅಂಗಳ ನೋಡುತ್ತಿದ್ದ.

"ಚಿಕ್ಕಪ್ಪ, ಆ ಮಾತ್ರೆ ನಿನ್ನ ಹತ್ರ ಹೆಂಗೆ ಬಂತು?"

"ಸೇಪಣ್ಣನೇ ಕೊಟ್ಟಿದ್ದು ಕಣವ್ವ. ಅರಕೆ ಒತ್ತ ದಿನವೇ. 'ಎಡಾ ಮಾದು, ಇದು ಮನೇಲಿದ್ರೆ ನನ್ನ ಬುದ್ಧಿ ಕೆಡ್ತದೆ. ನಿನ್ನ ಮನೇಲಿಟ್ಕೊ. ಈಸ್ಟರ್ ಆಗೋಗಂಟ ನಾನೇ ಕೇಳಿದ್ರೂ ಕೊಡಬಾರದು, ಸತ್ಯ ಮಾಡು' ಅಂದ. ನಮ್ಮ ದೇವ್ರು ಮಾದಪ್ಪನ ಆಣೆ ಇಟ್ಟು, ಅವನ ಕೈ ಮೇಲೆ ಕೈ ಆಕಿ ಸತ್ಯ ಮಾಡ್ಬುಟ್ಟಿ."

"ಆಮೇಲೆ ಕೇಳಿದ್ರಾ?"

ಅವನು ಪಂಚೆಗೆ ಅಂಟಿದ್ದ ಬೂದಿ ಕೊಡವಿಕೊಂಡ.

"ಚಿಕ್ಕಪ್ಪ, ಕೇಳಿದ್ರಾ ಅಂದೆ."

"ಕೇಳ್ದ ಕಣ ಮಗಾ," ಎಂದ ಪುಟ್ಟಮಾದು. "ಮೂರನೇ ವಾರದಿಂದ ದಿನಾ ಕೇಳ್ದ. ನೀನು ಬಸ್ ಅತ್ತಿ ಓಗೋದೇ ತಡ. 'ಮಾದೂ, ಒಂದು ಕೊಡು. ಅರ್ಧ ಕೊಡು' ಅಂತ. ಮೊದ್ಲು ಮೆತ್ಗ ಕೇಳ್ದ, ಆಮೇಕ ಬೈದ. ನಿಮ್ಮ ಮಲೆಯಾಳಿ ಮಾತ್ನಲ್ಲಿ ಏನೇನ್ ಬೈದ್ನೋ ನಂಗ ಗೊತ್ತಾಗ್ನಿಲ್ಲ. ಒಂದಿನ ಮಂಚದಿಂದ ಇಳ್ದು ಕಾಲು ಇಡ್ಕೊಳಕ ಬಂದ. ಅಂಥ ಮನುಷ್ಯ ನನ್ನ ಕಾಲು ಇಡ್ಕೊಳಕ ಬಂದ."

"ಕೊಡಬೇಕಾಗಿತ್ತು," ಎಂದಳು ಸಿಂಧು. ಅವಳ ದನಿ ಅವಳಿಗೇ ಗುರುತು ಸಿಗಲಿಲ್ಲ. "ಮನುಷ್ಯನಾದವನು ಕೊಡಬೇಕಾಗಿತ್ತು. ಇಲ್ಲ ನನಗಾದ್ರೂ ಹೇಳಬೇಕಾಗಿತ್ತು. ಆಣೆ ದೊಡ್ಡದಾ ನಿನಗೆ?"

ದೊಡ್ಡಮಾದಮ್ಮ ಏನೋ ಹೇಳಲು ಬಾಯಿ ತೆರೆದಳು. ಪುಟ್ಟಮಾದು ಕೈಯೆತ್ತಿ ತಡೆದ.

"ಬೈಲಿ ಬುಡು. ಬೈಬೇಕು. ನಂದು ಅತ್ತ ದರಿ ಇತ್ತ ಪುಲಿ ಆಗೋಗಿತ್ತು ಕಣವ್ವ. ನಮ್ಮಪ್ಪ ಮಾದಪ್ಪಂಗೆ ಒತ್ತಿದ್ದ ಅರಕೆ ತಪ್ಪಿದ್ದಕ್ಕ ಮೂರು ತಿಂಗಳೊಳಗ ನನ್ನ ತಮ್ಮ ಓದ. ಒಳಗ ಎಲೆ ಆಕಿವ್ನಲ್ಲ, ಅವ್ನೇಯ. ಅದ್ನ ಕಣ್ಣಾರೆ ಕಂಡೋನು ನಾನು. ದೇವ್ರು ಯಾವುದಾದ್ರೇನು, ಅರಕೆ ಅರಕೇ ಅಲ್ವಾ? ಅವನು ನೋವು ತಡೀನಾರದೆ ತಪ್ತಾನ, ಅದ್ರ ಪಾಪ ನಿನ್ನ ಮೇಲೆ ಬಿದ್ರ ಏನ್ ಗತಿ ಅಂದ್ಕಂಡೆ. ನಿಂಗ ಯೋಳನ ಅಂತ ಮೂರ್ ಸಲ ಬಾಯ್ಗಂಟ ಬಂತು. ಅವನೇ ಬ್ಯಾಡ ಅಂದ. 'ಅವಳಿಗೆ ಹೇಳಬೇಡ ಮಾದು. ದಿನಾ ಸಂಜೆ ಬಂದು ಗೀಟು ಹಾಕ್ತಾಳೆ. ಆಗ ಅವಳ ಮುಖ ನೋಡು' ಅಂದ."

ಸಿಂಧು ಕಣ್ಣು ಮುಚ್ಚಿಕೊಂಡಳು. ಗೀಟು ಹಾಕಿದ್ದು ನಿಜ. ಕ್ಯಾಲೆಂಡರಿನಲ್ಲಿ ಪ್ರತಿ ದಿನಕ್ಕೂ ಒಂದು ಕೆಂಪು ಗೀಟು. ಸ್ಕೂಲಿನಿಂದ ಬಂದವಳು ಚಪ್ಪಲಿ ಬಿಟ್ಟ ಕೂಡಲೇ ಮಾಡುತ್ತಿದ್ದ ಮೊದಲ ಕೆಲಸ ಅದು. "ಇವತ್ತು ಇಪ್ಪತ್ತೆಂಟು, ಅಪ್ಪಚ್ಚನ್" ಎಂದು ಹೋಂವರ್ಕ್ ಮಾಡಿದ ಹುಡುಗನ ಬೆನ್ನು ತಟ್ಟುವ ಹಾಗೆ ಹೇಳುತ್ತಿದ್ದಳು. ಪಾದ್ರಿಗಳ ಕಿವಿಗೆ ಈ ಹರಕೆಯ ವಿಷಯ ಹಾಕಿದವಳೂ ಅವಳೇ. ಯಾರೂ ಕೇಳಿರಲಿಲ್ಲ. ಎದೆಯುಬ್ಬಿ ಹೇಳಿಕೊಂಡಿದ್ದಳು. ಅವರು ಮುಂದಿನ ಭಾನುವಾರ ಪ್ರಸಂಗದಲ್ಲಿ ಹೆಸರು ಹಿಡಿದು ಹೊಗಳಿದರು. ಅಲ್ಲಿಂದಾಚೆ ಭೀಮನಬೀಡಿಗೆ ಜನ ಬರತೊಡಗಿದರು. ಬತ್ತೇರಿಯಿಂದ ಒಂದು ವ್ಯಾನು ತುಂಬ ಹೆಂಗಸರು ಬಂದು, ಒಬ್ಬೊಬ್ಬರಾಗಿ ಔಸೇಪನ ಕೈ ಮುಟ್ಟಿ ಕಣ್ಣಿಗೊತ್ತಿಕೊಂಡರು. ಫೋಟೋ ತೆಗೆಸಿಕೊಂಡರು. ಸಿಂಧು ಅವರಿಗೆಲ್ಲ ಟೀ ಕೊಟ್ಟು, ಎಷ್ಟನೆಯ ದಿನ ಎಂದು ಲೆಕ್ಕ ಹೇಳಿದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಷ್ಟು ಜನ ಕೈ ಮುಗಿದ ಮೇಲೆ ಆ ಮನುಷ್ಯ ನನಗೆ ತಡೆಯಲಾಗುತ್ತಿಲ್ಲ ಎಂದು ಯಾರ ಮುಂದೆ ಹೇಳಬೇಕಿತ್ತು? ಮಂಚದಿಂದ ಕೆಳಗಿಳಿದು ಶುಂಠಿ ಹೊಲದ ಆಳಿನ ಕಾಲು ಹಿಡಿಯುವುದೊಂದೇ ದಾರಿ ಉಳಿದಿತ್ತು. ಮಿಕ್ಕ ದಾರಿಗಳನ್ನೆಲ್ಲ ಮುಚ್ಚಿದವಳು ತಾನು. ಇದು ಅವಳಿಗೆ ಈಗ ಹಗಲಿನಷ್ಟು ಸ್ಪಷ್ಟವಾಗಿ ಕಂಡಿತು. 

"ಹಾಳೆಯಲ್ಲಿ ಒಂದು ಗೂಡು ಒಡೆದಿದೆಯಲ್ಲ ಚಿಕ್ಕಪ್ಪ," ಎಂದಳು. "ಅದು ಯಾವಾಗ?"

ಪುಟ್ಟಮಾದು ಮೂಗು ಸೀಟಿ ಪಂಚೆಯ ಅಂಚಿಗೆ ಒರೆಸಿಕೊಂಡ.

"ಸಾಯೋ ಮುಂಚಿನ ಸುಕ್ರವಾರ ಅವನ ಕೂಗು ನನ್ನ ಕೈಲಿ ಕೇಳಾಕಾಗ್ನಿಲ್ಲ. ಮಾದಪ್ಪನ ಗುಡಿಗೆ ಓಗಿ ಊ ಕೇಳ್ದೆ. 'ಆಣೆ ಮುರೀಲಾ ಬ್ಯಾಡ್ವಾ, ಮುರಿ ಅನ್ನಂಗಿದ್ರ ಬಲಗಡೆ ಊ ಕೊಡಪ್ಪ' ಅಂತ. ಕತ್ತಲಾಗೋಗಂಟ ಕುಂತಿದ್ದಿ, ದೇವ್ರ ಮೇಲಿಂದ ಒಂದು ಊವೂ ಉದುರ್ನಿಲ್ಲ. ಶನಿವಾರ ಒತ್ತಾರೇಲಿ ಮತ್ತ ಓಗಿ ಕುಂತಿ. ಬಿಸ್ಲು ಏರ್ದ ಮೇಲೆ ಕೊಟ್ಟ. ಬಲಗಡೇನೇ ಕೊಟ್ಟ. ಓಡ್ಕಂಡು ಬಂದೆ ಕಣವ್ವ, ಈ ವಯಸ್ನಲ್ಲಿ. ಮನೇಲಿ ಮಾತ್ರೆ ಎತ್ಕಂಡು, ಅವನ ತಾವ್ಕ ಓದೆ. 'ತಂದಿವ್ನಿ ಸೇಪಣ್ಣ, ಬಾಯ್ ತಗಿ' ಅಂದೆ. ನಾಲ್ಗ ಮೇಲೆ ಇಟ್ಟೆ. ನೀರು ಬುಟ್ಟೆ."

ಅವನು ತನ್ನ ಬಗ್ಗದ ಬೆರಳುಗಳನ್ನು ನೋಡಿಕೊಂಡ.

"ಒಳಕೋಗ್ನಿಲ್ಲ ಮಗಾ. ಗಂಟ್ಲು ಮುಚ್ಚೋಗಿತ್ತು. ಕಣ್ಣು ಮಾತ್ರ ನನ್ನೇ ನೋಡ್ತಿತ್ತು. ಕರಗಿ ಕರಗಿ ಅಂಗೇ ಆಚ್ಗ ಬಂತು."

ಆ ಶನಿವಾರ ಅರ್ಧ ದಿನದ ಸ್ಕೂಲು ಮುಗಿಸಿ ಮನೆಗೆ ಬಂದಾಗ ಅಪ್ಪನ ತುಟಿಯಂಚಿನಲ್ಲಿ ಬೆಳ್ಳಗೆ ಏನೋ ಅಂಟಿದ್ದುದನ್ನು ಸಿಂಧು ಸೆರಗಿನಿಂದ ಒರೆಸಿದ್ದಳು. ಜೊಲ್ಲು ಒಣಗಿರಬೇಕೆಂದುಕೊಂಡಿದ್ದಳು. ಒರೆಸಿ, ಎದ್ದುಹೋಗಿ ನಲವತ್ತೊಂದನೆಯ ಗೀಟು ಹಾಕಿದ್ದಳು. ಎರಡು ಗಂಟೆಯ ನಂತರ ಉಸಿರು ನಿಂತಿತು.

ಅವಳು ಅತ್ತಳು. ಅಪ್ಪ ಸತ್ತಾಗ ಜನರ ನಡುವೆ ತುಟಿ ಕಚ್ಚಿ ನಿಂತವಳು ಈಗ ಬಾಯಿಬಿಟ್ಟು ಅತ್ತಳು. ಶಿವರಂಜನಿ ನೀರು ತಂದು ಪಕ್ಕದಲ್ಲಿಟ್ಟು ಏನೂ ಕೇಳದೆ ಹೋದಳು. ಪುಟ್ಟಮಾದು ಸಮಾಧಾನ ಮಾಡಲಿಲ್ಲ. ಅವನಿಗೆ ಸಮಾಧಾನ ಮಾಡುವವರೂ ಯಾರೂ ಇರಲಿಲ್ಲ. ಆರು ತಿಂಗಳು ಅವನೂ ಇದನ್ನು ಹೊತ್ತುಕೊಂಡೇ ಹೊಲಕ್ಕೆ ಹೋಗಿ ಬಂದಿದ್ದಾನೆಂದು ಅವಳಿಗೆ ಹೊಳೆಯಿತು. ಆದರೂ ಅವನ ಮೇಲಿನ ಸಿಟ್ಟು ಪೂರ್ತಿ ಇಳಿಯಲಿಲ್ಲ. ತನ್ನ ಮೇಲಿನದಂತೂ ಇಳಿಯುವಂಥದ್ದಲ್ಲ.

ಅಕ್ಕಪಕ್ಕದ ಮನೆಗಳಲ್ಲಿ ಎಡೆ ಮುಗಿದು ಜನ ಊಟಕ್ಕೆ ಕೂತಿದ್ದರು. ಪಾತ್ರೆಗಳ ಸದ್ದು, ಮಕ್ಕಳು ಕಜ್ಜಾಯಕ್ಕೆ ಜಗಳವಾಡುವ ಸದ್ದು ಕೇಳುತ್ತಿತ್ತು. ದೊಡ್ಡಮಾದಮ್ಮ ಮಂಡಿ ಹಿಡಿದುಕೊಂಡು ಎದ್ದಳು.

"ಒತ್ತಾಯ್ತು. ಬನ್ನಿ ಎಲ್ರೂ, ಎಡೆ ಎತ್ತನ. ಅನ್ನ ಆರೋಯ್ತದ."

ಬಾಗಿಲು ತೆಗೆಯುವ ಮೊದಲು ಮೂರು ಸಲ ತಟ್ಟಿ ಕೆಮ್ಮಬೇಕು. ಇಲ್ಲವಾದರೆ ಒಳಗೆ ತಿನ್ನುತ್ತ ಕೂತವರು ಬೆಚ್ಚಿ ಅರ್ಧಕ್ಕೇ ಎದ್ದುಬಿಡುತ್ತಾರೆ. ಅವಳು ಒಂದು ಸಲ ತಟ್ಟಿದಳು.

"ತೆಗೀಬೇಡ ಚಿಕ್ಕವ್ವ."

ದೊಡ್ಡಮಾದಮ್ಮ ತಿರುಗಿದಳು. ಸಿಂಧು ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದಳು.

"ಇನ್ನೂ ಸ್ವಲ್ಪ ಹೊತ್ತು ಇರ್ಲಿ. ಅಪ್ಪಚ್ಚನ್‌ಗೆ ನುಂಗೋದು ನಿಧಾನ."

ದೊಡ್ಡಮಾದಮ್ಮ ಗಂಡನ ಮುಖ ನೋಡಿದಳು. ಚಿಲಕದ ಮೇಲಿನ ಕೈ ತೆಗೆದು, ಬಂದು ಸಿಂಧುವಿನ ಪಕ್ಕದಲ್ಲೇ ಕೂತಳು. ಒಳಗೆ ಹೋಗಲು ಎದ್ದಿದ್ದ ಶಿವರಂಜನಿಯೂ ಕೂತಳು. ಬೀದಿಯಲ್ಲಿ ಹೋಗುತ್ತಿದ್ದ ಯಾರೋ ನಿಂತು, ಇನ್ನೂ ಉಂಡಿಲ್ಲವೇ ಎಂದು ಕೇಳಿದರು. ಇಲ್ಲ ಎಂದು ಪುಟ್ಟಮಾದು ತಲೆಯಾಡಿಸಿದ. ಬಾಗಿಲ ಸಂದಿನಿಂದ ಸಾಂಬ್ರಾಣಿಯ ಹೊಗೆ ಸಣ್ಣಗೆ ಹೊರಬರುತ್ತಿತ್ತು. ನಾಲ್ವರೂ ಬಾಗಿಲ ಕಡೆಗೆ ಬೆನ್ನು ಹಾಕಿ, ಸದ್ದು ಮಾಡದೆ ಕಾದರು.